ಮುಳ್ಳು ಸೊನ್ನೆಗೆ

ಸಂಜೆ ನಾಲ್ಕೂವರೆಗೆ ಕಣದ ಅಂಚಿನ ಷೆಡ್ಡಿನಲ್ಲಿ
ಕೊಕ್ಕೆ ತಕ್ಕಡಿ ಇಳಿಬಿಟ್ಟು ನಿಲ್ಲುತ್ತೇನೆ.
ಚೀಲ ಸಿಕ್ಕಿಸಿದರೆ ಮುಳ್ಳು ಓಡುತ್ತದೆ, ನಡುಗಿ, ನಿಲ್ಲುತ್ತದೆ.
ಅರವತ್ತೆರಡು, ಕೂಗುತ್ತೇನೆ. ನಲವತ್ತೊಂಬತ್ತೂವರೆ.
ಸುಂಟಿಕೊಪ್ಪದ ಈ ತೋಟದಲ್ಲಿ ನನಗೆ ಹೆಸರಿಲ್ಲ,
ರೈಟರಮ್ಮ ಎಂದರೆ ನಾಯಿಯೂ ನನ್ನ ಕಡೆ ನೋಡುತ್ತದೆ.

ಪುಸ್ತಕದಲ್ಲಿ ಬರೆಯದ ಇನ್ನೊಂದು ತೂಕವಿದೆ.
ಅದರ ಎಡದ ತಟ್ಟೆಯಲ್ಲಿ ನಾನು,
ಬಲದಲ್ಲಿ ನನ್ನ ಓರಗಿತ್ತಿ ಫ್ಲಾವಿಯಾ.
ಅವಳ ಮನೆಗೆ ಹಂಚು, ನನ್ನದಕ್ಕೆ ಶೀಟು.
ಅವಳ ಮಗ ಪೀಠದ ಬಳಿ ಗಂಟೆ ಹಿಡಿದು ಮಂಡಿಯೂರಿದರೆ
ನನ್ನವನು ಕೊನೆಯ ಬೆಂಚಿನಲ್ಲಿ ಆಕಳಿಸುತ್ತಾನೆ.
ಅವಳು ಹಾಡಿದರೆ ಹಿಂದಿನ ಸಾಲಿನವರು ಕೆಮ್ಮು ನುಂಗುತ್ತಾರೆ;
ನನಗೆ ಕಾಣಿಕೆ ತಟ್ಟೆ ಹಿಡಿಯುವ ಕೆಲಸ.
ಭಾನುವಾರದ ಸಂತೆಯಲ್ಲಿ ಮತ್ತಿ ಮೀನಿನವನೂ
ಅವಳಿಗೇ ಒಂದು ಮೀನು ಮೇಲೆ ಹಾಕುತ್ತಾನೆ.
ನಾನು ಎಣಿಸುತ್ತೇನೆ. ಎಣಿಸುವುದು ನನ್ನ ಕಸುಬು.

ವಿಭೂತಿ ಬುಧವಾರದ ಹಿಂದಿನ ಸಂಜೆ
ಪಾಪನಿವೇದನೆಯ ಜಾಲರಿಗೆ ಬಾಯಿಟ್ಟು ಹೇಳಿಕೊಂಡೆ:
ಫ್ಲಾವಿಯಾಗೆ ಜಂಬ ಸ್ವಾಮಿ, ನಗುವಾಗಲೂ ಒಂದು ಕೊಂಕು,
ಅತ್ತೆಯ ಬಳೆ ಯಾರನ್ನೂ ಕೇಳದೆ ತೊಟ್ಟಳು, ಅದಕ್ಕೇ ನನಗೆ...
ಆಚೆ ಇನ್ನಾಸಪ್ಪ ಗುರುಗಳು ಮೂಗು ಒರೆಸಿಕೊಂಡರು.
"ಅವಳ ಪಾಪ ಅವಳೇ ಹೊತ್ತು ತರುತ್ತಾಳೆ, ಮಗಳೇ.
ನಿನ್ನದು ಮನೆಯಲ್ಲಿ ಮರೆತು ಬಂದೆಯಾ?"
ಮಂಡಿಯ ಕೆಳಗಿನ ಹಲಗೆ ಕಿರುಗುಟ್ಟಿತು.
ನನ್ನದು ಎಂಬುದನ್ನು ತಡಕಾಡಿದೆ;
ಎಲ್ಲಿ ಕೈ ಹಾಕಿದರೂ ಅವಳ ಸೆರಗೇ ಸಿಗುತ್ತಿತ್ತು.

ಮರುದಿನ ಬೂದಿ. ಅವಳಿಗಿಟ್ಟ ಬೆರಳೇ ನನಗೂ.
ಆದರೂ ಅವಳ ಹಣೆಯ ಶಿಲುಬೆ ನೆಟ್ಟಗಿದೆಯೇ ಎಂದು
ಓರೆಗಣ್ಣಲ್ಲಿ ನೋಡಿದೆ.
ನೆಟ್ಟಗೇ ಇತ್ತು.

ಆ ಸಂಜೆ ಬೂದಿ ಬೆವರಿನೊಡನೆ ಹುಬ್ಬಿಗಿಳಿಯುತ್ತಿರಲು
ಕೊನೆಯ ಚೀಲ ಇಳಿಸಿ, ಪುಸ್ತಕ ಮಡಚಿ,
ದೀಪ ಆರಿಸಲು ಕೈಯೆತ್ತಿದವಳು ಹಾಗೇ ನಿಂತೆ.
ಬರಿ ಕೊಕ್ಕೆ. ಮುಳ್ಳು ಎರಡು ಕಿಲೋದ ಮೇಲೆ.
ತಟ್ಟಿದೆ. ಊದಿದೆ.
ಎರಡು ಕಿಲೋ ಗಾಳಿ.

ವಾರದಿಂದ ಫ್ಲಾವಿಯಾಳ ಚೀಲ ಏರುತ್ತಿತ್ತು.
ಕಲ್ಲು ಇಟ್ಟಿರಬೇಕು ಎಂದು
ನಾಲ್ಕು ಜನರೆದುರು ಸುರಿಸಿಯೂ ನೋಡಿದ್ದೆ.
ಕೆಂಪು ಹಣ್ಣು, ಒಂದೆರಡು ಎಲೆ, ಒಂದಷ್ಟು ಕೆಂಜಿಗ.
ಅವಳು ಮಾತಾಡದೆ ಕುಕ್ಕರಗಾಲಲ್ಲಿ ಕೂತು
ಬೊಗಸೆ ಬೊಗಸೆಯಾಗಿ ಮತ್ತೆ ತುಂಬಿಕೊಂಡಿದ್ದಳು.
ಏರಿಸಿದ್ದು ನನ್ನ ಮುಳ್ಳು.
ಏರಿದ್ದು ಎಲ್ಲರದೂ: ಚೋಮಿಯದು, ಮುದುಕಿ ಕಾತಾಯಿಯದು,
ಅಸ್ಸಾಮಿನ ಹುಡುಗರದು.
ಕಣ್ಣಿಗೆ ಚುಚ್ಚಿದ್ದು ಒಬ್ಬಳದು.

ಗೋಡೆಯಲ್ಲಿ ಯಾವುದೋ ವರ್ಷದ ಕ್ಯಾಲೆಂಡರಿನ ಯೇಸು,
ಕಾಫಿ ಧೂಳು ಕೂತು ಕಂದಿದ ಮುಖ.
ದಿನಾ ನೋಡುವ ಚಿತ್ರ; ಇವತ್ತು ಕಂಡದ್ದು ತಲೆ.
ಪ್ರಭುವೇ, ಮುಳ್ಳನ್ನು ನೀನು ಹೊತ್ತುಕೊಂಡೆ,
ನಾನು ಅದರಲ್ಲಿ ಜನರನ್ನು ತೂಗಿದೆ.
ಜ್ಞಾನಸ್ನಾನದ ತೊಟ್ಟಿಯ ಬಳಿ ನನ್ನ ಹೆಸರು ಕರೆದಾಗ
ಪಕ್ಕದ ಕೂಸಿಗಿಂತ ಎಷ್ಟು ಹೆಚ್ಚು ಎಂದು ಕೇಳಿದೆಯಾ ನೀನು?

ತಕ್ಕಡಿಯ ಬೆನ್ನಿಗೆ ಸಣ್ಣದೊಂದು ತಿರುಪು.
ಚಾಕುವಿನ ತುದಿಯಿಟ್ಟು ತಿರುಗಿಸಿದೆ.
ಒಂದೂವರೆ. ಒಂದು. ಕಾಲು.
ಸೊನ್ನೆ.
ಹಣೆಯ ಬೂದಿಯ ತೂಕವೂ ಅಷ್ಟೇ ಇದ್ದೀತು.

ಸಾಹುಕಾರರಿಗೆ ಹೇಳಿದೆ, ಹಿಡಿಯುವುದಿದ್ದರೆ ನನ್ನ ಸಂಬಳದಲ್ಲಿ ಹಿಡಿಯಿರಿ.
ಫ್ಲಾವಿಯಾಗೆ ಹೇಳುವುದಕ್ಕೆ ಮೂರು ದಿನ ಬೇಕಾಯಿತು.
"ಆವತ್ತು ಸುರಿಸಿದ್ದು ತಪ್ಪು" ಎಂದೆ.
"ಕೆಂಜಿಗ ಕಚ್ಚಿದ್ದು ಇನ್ನೂ ಉರಿಯುತ್ತದೆ ಅಕ್ಕಾ" ಎಂದಳು.
ಅಷ್ಟೇ. ಅಪ್ಪಿಕೊಂಡೆವು ಎಂದು ಬರೆದರೆ ಸುಳ್ಳಾಗುತ್ತದೆ.

ಮುಳ್ಳು ಈಗಲೂ ಒಮ್ಮೊಮ್ಮೆ ಏರುತ್ತದೆ,
ಎರಡೂ ಮುಳ್ಳು.
ಮೊದಲ ಚೀಲಕ್ಕೆ ಮುಂಚೆ ಬರಿ ಕೊಕ್ಕೆಯನ್ನು ನೋಡುತ್ತೇನೆ,
ಒಂದು ಪರಲೋಕ ಮಂತ್ರ ಹೇಳುವಷ್ಟು ಹೊತ್ತು.

ಹೂಮಳೆ ಬಿದ್ದ ಮೇಲಿನ ಭಾನುವಾರ
ಇಡೀ ಗುಡ್ಡ ಬೆಳ್ಳಗೆ, ಇಗರ್ಜಿಯೊಳಗೂ ಕಾಫಿ ಹೂವಿನ ವಾಸನೆ.
ಅವಳು ಹಾಡಿದಳು. ನಾನು ತಟ್ಟೆ ಹಿಡಿದು ಸಾಲು ಸಾಲು ನಡೆದೆ.
ಸಂತೆಯಲ್ಲಿ ಮೀನಿನವನು ಅವಳಿಗೆ ಒಂದು ಮೇಲೆ ಹಾಕಿದ.
ಹಾಕಲಿ.
ನನ್ನ ಚೀಲದಲ್ಲಿ ಒಂಬತ್ತು ಮತ್ತಿ ಇದ್ದವು.
ರಾತ್ರಿ ಹುರಿದಿಟ್ಟರೆ ಮಗ ತಲೆಯನ್ನೂ ಬಿಡಲಿಲ್ಲ.